ಇಲಿಯ ಸಿಳ್ಳೆಯೋ, ಎಲುಬಿನ ಕುಣಿತವೋ: ಕಪ್ಪು-ಬಿಳುಪು ಸಂಗೀತ ಕಾರ್ಟೂನ್‌ಗಳಲ್ಲಿ ಮೊದಲು ಯಾವುದನ್ನು ನೋಡಬೇಕು?

1928ರಿಂದ 1933ರ ನಡುವೆ ಅಮೆರಿಕದಲ್ಲಿ ತಯಾರಾದ ಕಪ್ಪು-ಬಿಳುಪು ಸಂಗೀತ ಕಾರ್ಟೂನ್‌ಗಳ ಬಗ್ಗೆ ನೋಡುಗರ ಅಭಿಪ್ರಾಯ ಒಂದಾಗುವುದೇ ಇಲ್ಲ. ಏಳೆಂಟು ನಿಮಿಷದ ಒಂದೇ ಚಿತ್ರವನ್ನು ಒಬ್ಬರು ತಲೆಯ ಮೇಲೆ ಹೊತ್ತು ಮೆರೆಸುತ್ತಾರೆ, ಇನ್ನೊಬ್ಬರು "ಇದರಲ್ಲಿ ಕಥೆ ಎಲ್ಲಿದೆ?" ಎಂದು ಕೇಳಿ ಅರ್ಧಕ್ಕೇ ಬಿಟ್ಟೇಳುತ್ತಾರೆ. ಬಹುಮಟ್ಟಿಗೆ ಇದು ಆಯ್ಕೆಯ ಎಡವಟ್ಟು. ದುಂಡು ತಲೆ, ರಬ್ಬರ್ ಕೊಳವೆಯಂಥ ಕೈಕಾಲು, ಎಡೆಬಿಡದ ಕುಣಿತ ಎಲ್ಲದರಲ್ಲೂ ಇರುವುದರಿಂದ ದೂರಕ್ಕೆ ಎಲ್ಲವೂ ಒಂದೇ ಅಚ್ಚಿನಲ್ಲಿ ಎರೆದಂತೆ ಕಾಣುತ್ತವೆ. ಹಾಗಾಗಿ ಹೆಚ್ಚು ಹೆಸರು ಕೇಳಿದ ಚಿತ್ರವನ್ನೇ ಮೊದಲು ನೋಡಿ, ಅದು ಹಿಡಿಸದಿದ್ದರೆ ಇಡೀ ಕಾಲವನ್ನೇ ಬದಿಗಿಡುತ್ತೇವೆ.

ಆಯ್ಕೆ ಮಾಡುವಾಗ ನಾನು ಕೇಳಿಕೊಳ್ಳುವ ಪ್ರಶ್ನೆ ಒಂದೇ: ಇಲ್ಲಿ ಯಜಮಾನಿಕೆ ಯಾರದು, ಚಿತ್ರದ್ದೋ ಸಂಗೀತದ್ದೋ? ಕೆಲವು ಚಿತ್ರಗಳಲ್ಲಿ ಮೊದಲು ತಮಾಷೆ ಹುಟ್ಟುತ್ತದೆ, ಸದ್ದು ಅದಕ್ಕೆ ಜೊತೆ ಕೊಡುತ್ತದೆ. ಕೆಲವದರಲ್ಲಿ ಸಂಗೀತ ಮುಂದೆ ನಡೆಯುತ್ತದೆ, ಚಿತ್ರ ಅದರ ಹೆಜ್ಜೆಯ ಮೇಲೆ ಹೆಜ್ಜೆ ಇಡುತ್ತದೆ. ಇನ್ನು ಕೆಲವದರಲ್ಲಿ ಒಬ್ಬ ಗಾಯಕನ ದನಿ ಇಡೀ ಚಿತ್ರದ ಮೈಮೇಲೆ ಬರುತ್ತದೆ. ನಿಮಗೆ ಬೇಕಾದದ್ದು ಇದರಲ್ಲಿ ಯಾವುದು ಎಂಬುದು ಗೊತ್ತಾದರೆ ಮುಂದಿನದು ಸುಲಭ.

ಸ್ಟೀಮ್‌ಬೋಟ್ ವಿಲ್ಲಿ, 1928

ಹೆಸರಿನ ಮಟ್ಟಿಗೆ ಇದನ್ನು ಮೀರಿಸಿದ್ದು ಇಲ್ಲ. 1928ರ ನವೆಂಬರ್ 18ರಂದು ನ್ಯೂಯಾರ್ಕಿನ ಕಾಲನಿ ಥಿಯೇಟರಿನಲ್ಲಿ ತೆರೆ ಕಂಡ ಈ ಚಿತ್ರದ ದಿನವನ್ನೇ ಮಿಕ್ಕಿ ಮೌಸ್‌ನ ಹುಟ್ಟುಹಬ್ಬವೆಂದು ಆಚರಿಸುತ್ತಾರೆ. ಇದನ್ನು ಮೊಟ್ಟಮೊದಲ ಸದ್ದಿನ ಕಾರ್ಟೂನ್ ಎಂದು ಹೊಗಳುವವರೂ ಬಹಳ. ಆ ಮಾತು ಸರಿಯಲ್ಲ. ಫ್ಲೈಷರ್ ಸಹೋದರರು ಸಂಶೋಧಕ ಲೀ ಡಿ ಫಾರೆಸ್ಟ್‌ರ ಧ್ವನಿ ವಿಧಾನ ಬಳಸಿ 1920ರ ದಶಕದ ಮಧ್ಯದಲ್ಲಿಯೇ ಹಾಡಿನ ಕಾರ್ಟೂನ್‌ಗಳನ್ನು ಮಾಡಿದ್ದರು. ಪಾಲ್ ಟೆರಿಯ 'ಡಿನ್ನರ್ ಟೈಮ್' ಕೂಡ ಮಿಕ್ಕಿಗಿಂತ ಸ್ವಲ್ಪ ಮೊದಲು ಬಂದಿತ್ತು. ವಿಲ್ಲಿಯ ಸಾಧನೆ ಬೇರೆ. ಅದರ ಸದ್ದು ಚಿತ್ರದ ಮೇಲೆ ಆಮೇಲೆ ಅಂಟಿಸಿದಂತೆ ಇಲ್ಲ. ಎರಡೂ ಒಂದೇ ತಾಳದ ಮೇಲೆ ಕಟ್ಟಿದವು.

ಅದನ್ನು ಸಾಧಿಸಿದ ಬಗೆ ತಿಳಿದರೆ ಚಿತ್ರ ಇನ್ನಷ್ಟು ರುಚಿಸುತ್ತದೆ. ಡಿಸ್ನಿ ಸ್ಟುಡಿಯೋದ ಯುವಕ ವಿಲ್‌ಫ್ರೆಡ್ ಜಾಕ್ಸನ್‌ನ ತಾಯಿ ಸಂಗೀತದ ಶಿಕ್ಷಕಿ. ತಾಳ ಎಣಿಸುವ ಸಾಧನವಾದ ಮೆಟ್ರೋನೋಮ್ ಇಟ್ಟುಕೊಂಡು ಲೆಕ್ಕ ಹಾಕಬಹುದೆಂಬ ದಾರಿ ತೋರಿದವನು ಅವನೇ. ಧ್ವನಿಚಿತ್ರ ಸೆಕೆಂಡಿಗೆ 24 ಚೌಕಟ್ಟು ಓಡುತ್ತದೆ; 12 ಚೌಕಟ್ಟಿಗೆ ಒಂದು ಬಡಿತವೆಂದರೆ ನಿಮಿಷಕ್ಕೆ 120 ಬಡಿತ. ಯಾವ ಚೌಕಟ್ಟಿನಲ್ಲಿ ಕಾಲು ನೆಲ ಮುಟ್ಟಬೇಕು, ಯಾವುದರಲ್ಲಿ ಕೋಲು ಡಬ್ಬಕ್ಕೆ ತಾಗಬೇಕು ಎಂಬುದನ್ನು ಬರೆಯುವ ಮೊದಲೇ ನಿಗದಿ ಮಾಡಬಹುದಾಯಿತು. ಆದರೂ ನ್ಯೂಯಾರ್ಕಿನಲ್ಲಿ ನಡೆದ ಮೊದಲ ಧ್ವನಿಮುದ್ರಣ ಹಳ್ಳ ಹಿಡಿಯಿತು, ವಾದ್ಯದವರು ಚಿತ್ರದ ವೇಗಕ್ಕೆ ನಿಲ್ಲಲಿಲ್ಲ. ಎರಡನೆಯ ಸಲ ಫಿಲ್ಮಿನ ಮೇಲೆಯೇ ಏರಿಳಿಯುವ ಚೆಂಡೊಂದನ್ನು ಮೂಡಿಸಿ, ಅದನ್ನು ನೋಡಿ ತಾಳ ಹಿಡಿಯುವಂತೆ ಮಾಡಿದರು. ಅದರ ಖರ್ಚಿಗೆ ವಾಲ್ಟ್ ಡಿಸ್ನಿ ತನ್ನ ಕಾರನ್ನೇ ಮಾರಿದನೆಂದು ಅವನ ಜೀವನ ಬರೆದವರು ಹೇಳುತ್ತಾರೆ.

ಇಷ್ಟಿದ್ದೂ ಇಂದಿನ ನೋಡುಗರ ದೂರುಗಳಲ್ಲಿ ಹುರುಳಿದೆ. ಮೊದಲ ಅರ್ಧ ನಿಧಾನ. ಹಡಗಿನ ಕ್ಯಾಪ್ಟನ್ ಪೀಟ್ ಉಗುಳಿದ ಹೊಗೆಸೊಪ್ಪಿನ ರಸ ಗಾಳಿಗೆ ಹಿಂದಿರುಗಿ ಗಂಟೆಗೆ ಬಡಿಯುವುದು, ಮಿಕ್ಕಿ ಮೆಟ್ಟಿಲಿನಿಂದ ಉರುಳುವುದು, ಗಿಳಿ ಅಣಕಿಸುವುದು, ಇವೆಲ್ಲ ಮೂಕಿ ಕಾಲದ ಸರಕು. ಚಿತ್ರಕ್ಕೆ ಜೀವ ಬರುವುದು ಮಿಕ್ಕಿಯ ಗೆಳತಿ ಮಿನ್ನಿಯ ಸ್ವರಲಿಪಿಯನ್ನು ಮೇಕೆ ತಿಂದಾಗ. ಮೇಕೆಯ ಬಾಯಿ ತೆರೆದು, ಬಾಲವನ್ನು ಗ್ರಾಮೋಫೋನಿನ ಹಿಡಿಯಂತೆ ತಿರುಗಿಸಿದರೆ 'ಟರ್ಕಿ ಇನ್ ದಿ ಸ್ಟ್ರಾ' ಎಂಬ ಹಾಡು ಹೊರಡುತ್ತದೆ. ಅಲ್ಲಿಂದ ಮುಂದೆ ಹಡಗೇ ವಾದ್ಯಮೇಳ: ಪಾತ್ರೆ, ಬಟ್ಟೆ ಒಗೆಯುವ ಹಲಗೆ, ಕೊನೆಗೆ ಹಸುವಿನ ಹಲ್ಲುಗಳೇ ಕೋಲಿನಿಂದ ಬಾರಿಸುವ ಝೈಲೋಫೋನ್ ವಾದ್ಯ.

ಇನ್ನೊಂದು ದೂರು ಮಿಕ್ಕಿಯ ಕ್ರೌರ್ಯದ್ದು. ಬೆಕ್ಕಿನ ಬಾಲ ಎಳೆದು ಕಿರುಚಿಸುತ್ತಾನೆ, ಹಾಲು ಕುಡಿಯುತ್ತಿರುವ ಹಂದಿಮರಿಗಳ ಬಾಲ ಜಗ್ಗಿ ಸ್ವರ ಹೊರಡಿಸುತ್ತಾನೆ, ಬಾತುಕೋಳಿಯನ್ನು ಹಿಂಡುತ್ತಾನೆ. ಅಂಗಡಿಯಲ್ಲಿ ಸಿಗುವ ಮುದ್ದು ಮಿಕ್ಕಿಯನ್ನು ಮನಸ್ಸಿನಲ್ಲಿಟ್ಟು ನೋಡಿದವರಿಗೆ ಇದು ಆಘಾತ. ನನಗೆ ಈ ಪುಂಡನೇ ಇಷ್ಟ. ಆಮೇಲಿನ ಮಿಕ್ಕಿ ಸಭ್ಯನಾಗುತ್ತಾ ಆಗುತ್ತಾ ಸಪ್ಪೆಯಾದ. ಆದರೆ ಪ್ರಾಣಿಹಿಂಸೆಯ ತಮಾಷೆ ಸಹಿಸಲಾರದವರು ಮನೆಯಲ್ಲಿದ್ದರೆ ಇದನ್ನು ಮೊದಲ ಚಿತ್ರವಾಗಿ ಹಾಕಬೇಡಿ.

ದಿ ಸ್ಕೆಲಿಟನ್ ಡಾನ್ಸ್, 1929

ಯಾರಾದರೂ ಒಂದೇ ಒಂದು ಹೆಸರು ಹೇಳಿ ಎಂದರೆ ನಾನು ಹೇಳುವುದು ಇದು. ಡಿಸ್ನಿಯ 'ಸಿಲ್ಲಿ ಸಿಂಫನಿ' ಮಾಲೆಯ ಮೊದಲನೆಯದು, ಸುಮಾರು ಐದೂವರೆ ನಿಮಿಷದ್ದು. ಮಾಲೆಯ ಕಲ್ಪನೆ ಸಂಗೀತ ನಿರ್ದೇಶಕ ಕಾರ್ಲ್ ಸ್ಟಾಲಿಂಗ್‌ನದು. ಬಹುಪಾಲು ಚಿತ್ರ ಬರೆದವನು ಅಬ್ ಐವರ್ಕ್ಸ್. ತಮಾಷೆಗೆ ಸದ್ದು ಹೊಂದಿಸುವ ಬದಲು ಸಂಗೀತವನ್ನೇ ಮುಂದಿಟ್ಟುಕೊಂಡು ಚಿತ್ರ ಕಟ್ಟೋಣ ಎಂಬುದು ಸ್ಟಾಲಿಂಗ್‌ನ ವಾದವಾಗಿತ್ತು. ವಿತರಕ ಪ್ಯಾಟ್ ಪವರ್ಸ್‌ಗೆ ಇದು ಹಿಡಿಸದೆ, ಇನ್ನಷ್ಟು ಇಲಿಗಳನ್ನೇ ಕಳುಹಿಸಿ ಎಂದು ಹೇಳಿದ ಕಥೆ ಅನಿಮೇಷನ್ ಇತಿಹಾಸದಲ್ಲಿ ಪ್ರಸಿದ್ಧ. ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನ' ಬರಲು ಆಗ ಇನ್ನೂ ಐದು ವರ್ಷ ಬಾಕಿ ಇತ್ತು.

ಕಥೆ ಕೇಳಿದರೆ ಒಂದು ವಾಕ್ಯ: ನಡುರಾತ್ರಿ ಸ್ಮಶಾನದಲ್ಲಿ ನಾಲ್ಕು ಅಸ್ಥಿಪಂಜರಗಳು ಎದ್ದು ಕುಣಿದು, ಕೋಳಿ ಕೂಗಿದೊಡನೆ ಗೋರಿಗೆ ಓಡಿಹೋಗುತ್ತವೆ. ಅಷ್ಟೇ. ಆದರೆ ಆ ಕುಣಿತಕ್ಕೆ ಮುನ್ನ ಗಾಳಿಗೆ ನಡುಗುವ ಗೂಬೆ, ಗಂಟೆಗೋಪುರದಿಂದ ಹಾರಿಬರುವ ಬಾವಲಿಗಳು, ಗೋರಿಕಲ್ಲಿನ ಮೇಲೆ ಕಾದಾಡುವ ಎರಡು ಬೆಕ್ಕು. ಅವುಗಳ ನಡುವೆ ಮೊದಲ ಅಸ್ಥಿಪಂಜರ ಮೆಲ್ಲನೆ ಏಳುತ್ತದೆ. ಸ್ವಲ್ಪ ಹೊತ್ತಿಗೆ ಅದು ನೇರವಾಗಿ ನಮ್ಮ ಕಡೆಗೇ ನೆಗೆಯುತ್ತದೆ. ತೆರೆದ ಬಾಯಿ ಪರದೆಯನ್ನೆಲ್ಲ ಕತ್ತಲು ಮಾಡಿ ಮುಂದೆ ಹಾಯುತ್ತದೆ. 1929ರ ಚಿತ್ರಮಂದಿರದಲ್ಲಿ ಕುಳಿತವರಿಗೆ ಹೇಗಾಗಿರಬೇಕು!

ನಡುವೆ ಬರುವ ಝೈಲೋಫೋನ್ ದೃಶ್ಯವನ್ನು ಎರಡು ಸಲ ನೋಡಿ. ಒಂದು ಅಸ್ಥಿಪಂಜರ ಇನ್ನೊಂದರ ಬೆನ್ನುಮೂಳೆಯ ಮೇಲೆ ಮೂಳೆಗಳಿಂದಲೇ ಬಾರಿಸುತ್ತದೆ. ಮೊದಲ ಸಲ ಬಾರಿಸುವವನನ್ನು ನೋಡುತ್ತೀರಿ. ಎರಡನೆಯ ಸಲ ಬಾರಿಸಿಕೊಳ್ಳುವವನ ಮೇಲೆ ಕಣ್ಣಿಡಿ: ಏಟು ಬಿದ್ದ ಹಾಗೆಲ್ಲ ಅವನ ಮೈಯೂ ತಾಳಕ್ಕೆ ಅಲುಗುತ್ತಿರುತ್ತದೆ. ಈ ಭಾಗದ ಸಂಗೀತವನ್ನು ಎಷ್ಟೋ ಮಂದಿ ಸೇಂಟ್-ಸಾನ್ಸ್‌ರ 'ಡಾನ್ಸ್ ಮಕಾಬ್ರ್' ಎಂದು ಬರೆಯುತ್ತಾರೆ. ಅಲ್ಲ. ಸ್ಟಾಲಿಂಗ್ ಬಳಸಿದ್ದು ನಾರ್ವೆಯ ಎಡ್ವರ್ಡ್ ಗ್ರೀಗ್‌ರ ಕುಬ್ಜ ಭೂತಗಳ ನಡೆಯ ಒಂದು ತುಣುಕು ಮತ್ತು ತನ್ನದೇ ರಚನೆ.

ದೂರು ಎರಡು ಬಗೆಯದು. ಕಥೆಯಿಲ್ಲ ಎಂಬುದನ್ನು ನಾನು ಒಪ್ಪುವುದಿಲ್ಲ. ಕಛೇರಿಗೆ ಹೋಗಿ ತನಿ ಆವರ್ತನದಲ್ಲಿ ಕಥೆ ಹುಡುಕಿದಂತಾಯಿತು ಅದು. ಕುಣಿತದ ತುಣುಕುಗಳು ಮತ್ತೆ ಮತ್ತೆ ಬರುತ್ತವೆ ಎಂಬ ದೂರು ಮಾತ್ರ ನಿಜ. ಒಮ್ಮೆ ಬರೆದ ಹಾಳೆಗಳನ್ನೇ ಮತ್ತೆ ಬಳಸಿದ್ದು ಸ್ಪಷ್ಟವಾಗಿ ಕಾಣುತ್ತದೆ. ಸಂಗೀತ ಪಲ್ಲವಿಗೆ ಮರಳುವಲ್ಲಿ ಅದು ಒಪ್ಪುತ್ತದೆ, ಉಳಿದ ಕಡೆ ಕೆಲಸ ಉಳಿಸಿಕೊಂಡ ಹಾಗೆ ಎನಿಸುತ್ತದೆ. ಆದರೂ 1994ರಲ್ಲಿ ಅನಿಮೇಷನ್ ಕ್ಷೇತ್ರದವರ ಮತ ಪಡೆದು ಮಾಡಿದ ಐವತ್ತು ಶ್ರೇಷ್ಠ ಕಾರ್ಟೂನ್‌ಗಳ ಪಟ್ಟಿಯಲ್ಲಿ ಇದಕ್ಕೆ 18ನೇ ಸ್ಥಾನ ಸಿಕ್ಕಿತು. ಐವರ್ಕ್ಸ್ 1937ರಲ್ಲಿ ಇದೇ ವಸ್ತುವನ್ನು 'ಸ್ಕೆಲಿಟನ್ ಫ್ರಾಲಿಕ್' ಎಂದು ಬಣ್ಣದಲ್ಲಿ ಮತ್ತೆ ಮಾಡಿದ; ಎರಡನ್ನೂ ಒಂದರ ಹಿಂದೆ ಒಂದು ನೋಡಿದರೆ ಬಣ್ಣ ಏನನ್ನು ಕಳೆಯಿತು ಎಂಬುದು ಐದೇ ನಿಮಿಷದಲ್ಲಿ ತಿಳಿಯುತ್ತದೆ. ಮೂಳೆಯ ಬಿಳುಪಿಗೆ ಬೇಕಿದ್ದದ್ದು ಕತ್ತಲು ಮಾತ್ರ.

ಮಾತೇ ಇಲ್ಲದಿರುವುದು ಇನ್ನೊಂದು ಅನುಕೂಲ. ಇಂಗ್ಲಿಷ್ ಬಾರದ ಅಜ್ಜಿಯೂ ಅಕ್ಷರ ಕಲಿಯದ ಮೊಮ್ಮಗಳೂ ಒಟ್ಟಿಗೆ ಕುಳಿತು ನೋಡಬಹುದು, ಯಾರೂ ಯಾರಿಗೂ ಅರ್ಥ ಹೇಳಬೇಕಿಲ್ಲ.

ಫ್ಲೈಷರ್ ಅಣ್ಣತಮ್ಮಂದಿರ ಲೋಕ

ಡಿಸ್ನಿಯ ಅಚ್ಚುಕಟ್ಟು ಬೇಸರ ತರಿಸಿದರೆ ನ್ಯೂಯಾರ್ಕಿನ ಕಡೆಗೆ ತಿರುಗಬೇಕು. ಮ್ಯಾಕ್ಸ್ ಮತ್ತು ಡೇವ್ ಫ್ಲೈಷರ್‌ರ ಸ್ಟುಡಿಯೋ ಅಲ್ಲಿಯದು. ನಗರದ ಜಾಸ್ ಸಂಗೀತ, ಮದ್ಯನಿಷೇಧದ ಕಾಲದ ಕಳ್ಳಭಟ್ಟಿಯ ವಾಸನೆ, ವಲಸೆ ಬಂದ ಮನೆಗಳ ಇಂಗ್ಲಿಷ್ ಉಚ್ಚಾರ ಎಲ್ಲವೂ ಅವರ ಚಿತ್ರಗಳಲ್ಲಿವೆ. ಇಲ್ಲಿ ಯಾವ ವಸ್ತುವೂ ಸುಮ್ಮನೆ ಇರುವುದಿಲ್ಲ. ಬಾಗಿಲಿಗೆ ಬಾಯಿ, ಗೋರಿಗೆ ಕಾಲು.

'ಮಿನ್ನೀ ದಿ ಮೂಚರ್', 1932: ಶುರುವಿನಲ್ಲಿ ಕಾರ್ಟೂನೇ ಇಲ್ಲ. ಹಾರ್ಲೆಮ್‌ನ ಕಾಟನ್ ಕ್ಲಬ್ಬಿನಲ್ಲಿ ಹೆಸರು ಮಾಡಿದ್ದ ಜಾಸ್ ಗಾಯಕ ಕ್ಯಾಬ್ ಕ್ಯಾಲೊವೇ ತನ್ನ ವಾದ್ಯಮೇಳದ ಮುಂದೆ ನಿಂತು, ನಿಂತಲ್ಲೇ ತೇಲಿದಂತೆ ಕುಣಿಯುತ್ತಾನೆ. ಅವನ ಚಲನಚಿತ್ರಗಳಲ್ಲಿ ಇಂದಿಗೆ ಉಳಿದಿರುವ ಅತ್ಯಂತ ಹಳೆಯದು ಇದೇ ಎನ್ನುತ್ತಾರೆ. ಆಮೇಲೆ ಫ್ಲೈಷರ್‌ರ ಕಾರ್ಟೂನ್ ನಾಯಕಿ ಬೆಟ್ಟಿ ಬೂಪ್. ಊಟ ಬೇಡವೆಂದು ಹಟ ಹಿಡಿದ ಬೆಟ್ಟಿಗೆ ಅಪ್ಪ ಬಯ್ಯುತ್ತಾನೆ. ಬಯ್ಯುತ್ತಾ ಬಯ್ಯುತ್ತಾ ಅವನ ತಲೆಯೇ ಗ್ರಾಮೋಫೋನ್ ಆಗುತ್ತದೆ. ಬೆಟ್ಟಿ ಗೆಳೆಯ ಬಿಂಬೋ ಜೊತೆ ಮನೆ ಬಿಟ್ಟು ಓಡಿ ಗುಹೆಯೊಂದನ್ನು ಹೊಕ್ಕರೆ, ಅಲ್ಲಿ ಕೋರೆಹಲ್ಲಿನ ಕಡಲಪ್ರಾಣಿ ವಾಲ್ರಸ್‌ನ ರೂಪದ ದೆವ್ವವೊಂದು ಕ್ಯಾಲೊವೇಯ ದನಿಯಲ್ಲಿ ಹಾಡತೊಡಗುತ್ತದೆ.

ಆ ದೆವ್ವದ ನಡಿಗೆಯನ್ನು ಗಮನಿಸಿ. ಸ್ವಲ್ಪ ಮೊದಲು ಮೇಳದ ಮುಂದೆ ಕಂಡ ಅದೇ ತೇಲು, ಅದೇ ಸೊಂಟದ ತಿರುವು. ಮ್ಯಾಕ್ಸ್ ಫ್ಲೈಷರ್ ಕಂಡುಹಿಡಿದು 1917ರಲ್ಲಿ ಪೇಟೆಂಟ್ ಪಡೆದ ರೋಟೋಸ್ಕೋಪ್ ವಿಧಾನ ಇದು: ನಟನ ಚಲನಚಿತ್ರವನ್ನು ಚೌಕಟ್ಟು ಚೌಕಟ್ಟಾಗಿ ಗಾಜಿನ ಮೇಲೆ ಬೀಳಿಸಿ, ಅದರ ಮೇಲೆ ಗೆರೆ ಎಳೆಯುವುದು. ಹಾಗಾಗಿ ಮೈ ಪ್ರಾಣಿಯದು, ಚಲನೆ ಮನುಷ್ಯನದು. ಕೆಲವು ನೋಡುಗರಿಗೆ ಇದೇ ಮೈ ಜುಮ್ಮೆನ್ನಿಸುತ್ತದೆ, ಕೆಲವರಿಗೆ ಇದೇ ಮೋಸ ಎನಿಸುತ್ತದೆ. ಕೈಯಿಂದ ಕಲ್ಪಿಸಿ ಬರೆಯದೆ ನಕಲು ಎಳೆದರೆ ಅದೇನು ಅನಿಮೇಷನ್ ಎಂಬ ವಾದ. ನಕಲು ಎಳೆದದ್ದು ಹೆಜ್ಜೆಯನ್ನು ಮಾತ್ರ. ಆ ಹೆಜ್ಜೆಯನ್ನು ವಾಲ್ರಸ್‌ನ ಕಾಲಿಗೆ ಕಟ್ಟಬೇಕೆಂದು ಹೊಳೆದದ್ದನ್ನು ಯಾವ ಯಂತ್ರವೂ ಕೊಡಲಿಲ್ಲ.

ಪೋಷಕರಿಗೆ ಒಂದು ಎಚ್ಚರಿಕೆ. ಈ ಹಾಡಿನ ಒಳಗೆ ಅಫೀಮಿನ ಪ್ರಸ್ತಾಪವಿದೆ, ದೃಶ್ಯಗಳಲ್ಲಿ ಕುಡಿಯುವ ಅಸ್ಥಿಪಂಜರಗಳೂ ವಿದ್ಯುತ್ ಕುರ್ಚಿಗೆ ಏರುವ ಕೈದಿಗಳೂ ಇದ್ದಾರೆ. 1934ರ ಜುಲೈನಿಂದ ಹಾಲಿವುಡ್ಡಿನ ಸೆನ್ಸಾರ್ ನಿಯಮ ಬಿಗಿಯಾಯಿತು, ಬೆಟ್ಟಿಯ ಲಂಗವೂ ಉದ್ದವಾಯಿತು, ಇಂಥವು ಮತ್ತೆ ಬರಲಿಲ್ಲ. ಸಣ್ಣ ಮಕ್ಕಳಿಗೆ ಇದು ಬೇಡ. ಹದಿನೈದು ದಾಟಿದವರು, ಅದರಲ್ಲೂ ಸಂಗೀತದ ಹುಚ್ಚಿರುವವರು, ಮೊದಲು ನೋಡಬೇಕಾದದ್ದು ಇದನ್ನೇ.

ಅದಕ್ಕಿಂತ ಹಿಂದಿನ 'ಸ್ವಿಂಗ್ ಯು ಸಿನ್ನರ್ಸ್' (1930) ಇನ್ನೂ ಕಾಡು. ಕೋಳಿ ಕದಿಯಲು ಹೋದ ಬಿಂಬೋ ಸ್ಮಶಾನದಲ್ಲಿ ಸಿಕ್ಕಿಬಿದ್ದು, ದೆವ್ವಗಳ ಕೈಗೆ ಸಿಗುವುದೇ ಇದರ ಕಥೆ. ಅವನೊಂದು ಮಾತು ಹೇಳಿದರೆ ಅವು ಹಾಡಿನಲ್ಲೇ ಉತ್ತರ ಕೊಡುತ್ತವೆ. ಕೊನೆಗೆ ಬಿಡುಗಡೆಯೂ ಇಲ್ಲ, ಪಾಠವೂ ಇಲ್ಲ. ಹೊಗಳುವವರೂ ತೆಗಳುವವರೂ ಇದನ್ನು ಕೆಟ್ಟ ಕನಸು ಎಂದೇ ಕರೆಯುತ್ತಾರೆ. ನನ್ನ ಮಟ್ಟಿಗೆ ಇದು ಮೂರನೆಯದೋ ನಾಲ್ಕನೆಯದೋ ಆಗಿ ನೋಡಬೇಕಾದ ಚಿತ್ರ. ಅಷ್ಟು ಹೊತ್ತಿಗೆ ಕಣ್ಣು ಈ ವೇಗಕ್ಕೆ ಪಳಗಿರುತ್ತದೆ.

ಬಾತ್‌ಟಬ್ಬಿನ ಹಾಡು

ವಾರ್ನರ್ ಬ್ರದರ್ಸ್‌ನ 'ಲೂನಿ ಟ್ಯೂನ್ಸ್' ಮಾಲೆ ಶುರುವಾದದ್ದು 1930ರ 'ಸಿಂಕಿನ್ ಇನ್ ದಿ ಬಾತ್‌ಟಬ್' ಚಿತ್ರದಿಂದ. ಮಾಡಿದವರು ಡಿಸ್ನಿಯ ಬಳಿ ಹಿಂದೆ ಕೆಲಸ ಮಾಡಿದ್ದ ಹ್ಯೂ ಹಾರ್ಮನ್ ಮತ್ತು ರುಡಾಲ್ಫ್ ಐಸಿಂಗ್. ಇದರ ಗುಟ್ಟು ವ್ಯಾಪಾರದ್ದು: ಕಂಪನಿಯ ಸಿನಿಮಾಗಳ ಹಾಡುಗಳು ಜನರ ಬಾಯಲ್ಲಿ ಉಳಿಯಬೇಕು, ಅವುಗಳ ಮುದ್ರಿತ ಸ್ವರಲಿಪಿ ಮಾರಾಟವಾಗಬೇಕು. ಹಾಗಾಗಿ ಹಾಡುಗಳು ಕಿವಿಗೆ ಇಂಪು, ಸ್ಯಾಕ್ಸೋಫೋನಿನಿಂದ ಹಾರುವ ಗುಳ್ಳೆಗಳ ಮೇಲೆ ನಾಯಕನ ಗೆಳತಿ 'ಹನಿ' ಕುಣಿದು ಇಳಿಯುವ ದೃಶ್ಯ ಚಂದ, ಉಳಿದದ್ದು ಡಿಸ್ನಿಯ ನೆರಳು. ನಾಯಕ ಬಾಸ್ಕೊ ಆ ಕಾಲದ ಬಿಳಿಯರು ಮುಖಕ್ಕೆ ಮಸಿ ಬಳಿದುಕೊಂಡು ಕರಿಯರನ್ನು ಅಣಕಿಸುತ್ತಿದ್ದ ರಂಗಪರಂಪರೆಯಿಂದ ಬಂದವನು. ಇದು ಗೊತ್ತಾದ ಮೇಲೆ ನಗು ಗಂಟಲಲ್ಲೇ ನಿಲ್ಲುತ್ತದೆ ಎನ್ನುವ ನೋಡುಗರ ಮಾತು ಸರಿಯಾಗಿಯೇ ಇದೆ. ಲೂನಿ ಟ್ಯೂನ್ಸ್‌ನ ಇತಿಹಾಸ ಬೇಕಾದವರು ನೋಡಲಿ, ಮಿಕ್ಕವರು ಬಿಟ್ಟರೆ ನಷ್ಟವಿಲ್ಲ. ತಮಾಷೆಯೆಂದರೆ, 1936ರಲ್ಲಿ ಅದೇ ವಾರ್ನರ್ ಕಾರ್ಟೂನ್‌ಗಳಿಗೆ ಸಂಗೀತ ಮಾಡಲು ಬಂದವನು ಅಸ್ಥಿಪಂಜರಗಳನ್ನು ಕುಣಿಸಿದ ಸ್ಟಾಲಿಂಗ್. ಆ ಮನೆಯ ನಿಜವಾದ ಸಂಗೀತ ಕೇಳಬೇಕೆಂದರೆ ಅಲ್ಲಿಂದ ಮುಂದಿನದನ್ನು ಹಿಡಿಯಿರಿ.

ಅಣಕದ ಮಾತು ಬಾಸ್ಕೊಗೆ ಮಾತ್ರ ಸೀಮಿತವಲ್ಲ. 'ಸ್ವಿಂಗ್ ಯು ಸಿನ್ನರ್ಸ್'ನಲ್ಲಿ ಯೆಹೂದಿಗಳನ್ನು ಹಾಸ್ಯ ಮಾಡುವ ದೆವ್ವವೊಂದಿದೆ. ಫ್ಲೈಷರ್‌ರು ಸ್ವತಃ ಯೆಹೂದಿಗಳು ಎಂಬುದರಿಂದ ಅದು ಸ್ವಲ್ಪ ಬೇರೆಯಾಗಿ ಕೇಳಿಸುತ್ತದೆ, ಆದರೆ ಮಾಯವಾಗುವುದಿಲ್ಲ. "ಆ ಕಾಲ ಹಾಗಿತ್ತು" ಎಂದು ತಳ್ಳಿಹಾಕುವವರಿಗಿಂತ, ಇದು ಕಂಡಾಗ ಮುಖ ಸಿಂಡರಿಸಿ ಮುಂದೆ ನೋಡುವವರ ಅಭಿಪ್ರಾಯಕ್ಕೆ ನಾನು ಹೆಚ್ಚು ಬೆಲೆ ಕೊಡುತ್ತೇನೆ.

ಪ್ರತಿಯನ್ನು ಪರೀಕ್ಷಿಸುವುದು

ಕೆಟ್ಟ ಅಭಿಪ್ರಾಯಗಳಲ್ಲಿ ಅರ್ಧಕ್ಕೆ ಕಾರಣ ಕೆಟ್ಟ ಪ್ರತಿ. ಸಂಗೀತ ಕಾರ್ಟೂನಿನಲ್ಲಿ ಸದ್ದು ಒಂದು ಕಾಲು ಸೆಕೆಂಡು ಹಿಂದೆ ಬಿದ್ದರೂ ಆಟ ಮುಗಿಯಿತು. ಪರೀಕ್ಷೆ ಸುಲಭ. ವಿಲ್ಲಿಯಲ್ಲಿ ಪೀಟ್‌ನ ಉಗುಳು ಗಂಟೆಗೆ ತಾಗುವ ಕ್ಷಣಕ್ಕೇ ಸದ್ದು ಬರಬೇಕು. ತಡವಾದರೆ ಆ ಪ್ರತಿ ಬಿಟ್ಟು ಬೇರೆಯದನ್ನು ಹುಡುಕಿ. ಸ್ಕೆಲಿಟನ್ ಡಾನ್ಸ್‌ಗೆ ಬೆನ್ನುಮೂಳೆಯ ದೃಶ್ಯವೇ ಒರೆಗಲ್ಲು. ಅಗಲ ಪರದೆಗೆಂದು ಮೇಲೆ ಕೆಳಗೆ ಕತ್ತರಿಸಿದ ಪ್ರತಿಗಳಲ್ಲಿ ಪಾದಗಳೇ ಕಾಣುವುದಿಲ್ಲ, ಪಾದವಿಲ್ಲದ ಕುಣಿತವನ್ನು ನೋಡಿ ಏನು ಪ್ರಯೋಜನ? ಆಮೇಲೆ ಬಣ್ಣ ತುಂಬಿದವುಗಳ ತಂಟೆಗೇ ಹೋಗಬೇಡಿ.

ವಿಲ್ಲಿಯ ವಿಷಯದಲ್ಲಿ ಇನ್ನೊಂದು ತೊಡಕಿದೆ. ಹಂದಿಮರಿಗಳ ದೃಶ್ಯ ತೆಗೆದುಹಾಕಿದ ಕತ್ತರಿ ಪ್ರತಿ ದಶಕಗಳ ಕಾಲ ಓಡಾಡಿತ್ತು, ಈಗಲೂ ಕಣ್ಣಿಗೆ ಬೀಳುತ್ತದೆ. ತಾಯಿಹಂದಿ ಕಾಣಿಸದೆ ನೇರವಾಗಿ ಹಸುವಿನ ಹಲ್ಲಿಗೆ ಹೋದರೆ ನಿಮ್ಮ ಕೈಲಿರುವುದು ಅದೇ. ಅಮೆರಿಕದಲ್ಲಿ ವಿಲ್ಲಿಯ ಹಕ್ಕುಸ್ವಾಮ್ಯ 2024ರ ಜನವರಿ 1ಕ್ಕೂ, ಸ್ಕೆಲಿಟನ್ ಡಾನ್ಸ್‌ನದು 2025ರ ಜನವರಿ 1ಕ್ಕೂ ಮುಗಿದಿರುವುದರಿಂದ ಒಳ್ಳೆಯ ಪ್ರತಿಗಳ ಜೊತೆಗೆ ಕಸವೂ ಧಾರಾಳವಾಗಿ ಸೇರಿಕೊಂಡಿದೆ.

ಯಾರಿಗೆ ಯಾವುದು

ಮಕ್ಕಳಿರುವ ಮನೆಗೆ ಸ್ಕೆಲಿಟನ್ ಡಾನ್ಸ್. ಹೆದರುವ ಮಗುವಾದರೆ ಮೊದಲ ಒಂದು ನಿಮಿಷ ಪಕ್ಕದಲ್ಲಿ ಕುಳಿತರೆ ಸಾಕು, ಕುಣಿತ ಶುರುವಾದ ಮೇಲೆ ಭಯ ಓಡಿಹೋಗುತ್ತದೆ. ಸಿನಿಮಾ ತಾಂತ್ರಿಕತೆ ಕಲಿಯುತ್ತಿರುವವರಿಗೆ ವಿಲ್ಲಿ, ಅದೂ ಒಮ್ಮೆ ಸದ್ದು ಮುಚ್ಚಿ, ಒಮ್ಮೆ ತೆರೆದು. ಡೋಲು, ತಬಲಾ, ಮೃದಂಗ ಯಾವುದಾದರೂ ಬಾರಿಸುವವರಿಗೂ ಅದೇ. ಮೇಕೆಯ ನಂತರದ ಭಾಗದಲ್ಲಿ ಬೆರಳು ತಾನೇ ತಾಳ ಹಾಕುತ್ತದೆ. ಜಾಸ್ ಮತ್ತು ಬ್ಲೂಸ್ ಕೇಳುವವರಿಗೆ ಮಿನ್ನೀ ದಿ ಮೂಚರ್ ಬಿಟ್ಟು ಬೇರೆ ಹೇಳಲಾರೆ. ಕಥೆ ಇಲ್ಲದೆ ಕೂರಲಾರೆ ಎನ್ನುವವರಿಗೂ ಈ ಐದರಲ್ಲಿ ಹತ್ತಿರವಾಗುವುದು ಅದೇ, ಏಕೆಂದರೆ ಮನೆ ಬಿಟ್ಟವಳು ಮನೆಗೆ ಮರಳುವ ಒಂದು ಎಳೆಯಾದರೂ ಅದರಲ್ಲಿದೆ.

ಮಿನ್ನೀ ಹಿಡಿಸಿದರೆ ಅದರ ಬೆನ್ನಿಗೇ ಫ್ಲೈಷರ್‌ರ 'ಸ್ನೋ ವೈಟ್' ನೋಡಿ. ರೋಲಂಡ್ ಕ್ರಾಂಡಾಲ್ ಎಂಬ ಒಬ್ಬನೇ ಕಲಾವಿದ ಸುಮಾರು ಆರು ತಿಂಗಳು ಕುಳಿತು ಬರೆದದ್ದು. ಕೊಕೊ ಎಂಬ ವಿದೂಷಕ ಕ್ಯಾಲೊವೇಯ ದನಿಯಲ್ಲಿ 'ಸೇಂಟ್ ಜೇಮ್ಸ್ ಇನ್ಫರ್ಮರಿ' ಹಾಡುತ್ತಾನೆ, ಹಾಡಿನಲ್ಲಿ ಚಿನ್ನದ ನಾಣ್ಯವೂ ಗಡಿಯಾರದ ಸರಪಳಿಯೂ ಬಂದಾಗ ಅವನೇ ಆ ನಾಣ್ಯವಾಗಿ ಸರಪಳಿಗೆ ತೂಗುತ್ತಾನೆ. ಹೆಸರು ಹಾಕಿ ಹುಡುಕಿದರೆ ಡಿಸ್ನಿಯ 1937ರ ಬಣ್ಣದ ದೊಡ್ಡ ಚಿತ್ರವೇ ಮೊದಲು ಎದುರಾಗುತ್ತದೆ. 1933 ಎಂಬ ಇಸವಿಯನ್ನೂ ಬೆಟ್ಟಿ ಬೂಪ್ ಹೆಸರನ್ನೂ ಜೊತೆಗೆ ಸೇರಿಸಿಕೊಳ್ಳಿ.